ಹೆಪ್ಪು ಶ್ವಾಸಕೋಶದಲ್ಲಿ, ಸೋಲು ಬಲ ಹೃದಯದ್ದು

ಕಾಲಿನ ಅಭಿಧಮನಿಯಲ್ಲಿ ಕಟ್ಟಿದ ರಕ್ತದ ಹೆಪ್ಪು ಕಳಚಿಕೊಂಡು ಹೋಗಿ ಶ್ವಾಸಕೋಶದ ಧಮನಿಯಲ್ಲಿ ಸಿಕ್ಕಿಕೊಂಡರೆ ಅದು ಪಲ್ಮನರಿ ಎಂಬಾಲಿಸಮ್. ಉಸಿರು ಕಟ್ಟುವುದು ನಿಜ, ಆದರೆ ಜೀವ ತೆಗೆಯುವುದು ಹೆಚ್ಚಾಗಿ ಬಲ ಹೃತ್ಕುಕ್ಷಿಯ ಸೋಲು. ತೆಳು ಗೋಡೆಯ ಆ ಕೋಣೆ ಕಡಿಮೆ ಒತ್ತಡಕ್ಕಷ್ಟೇ ಒಗ್ಗಿದ್ದು. ತಡೆ ಎದುರಾದೊಡನೆ ಹಿಗ್ಗಿ ನಡುಗೋಡೆಯನ್ನು ಎಡಕ್ಕೆ ದೂಡುತ್ತದೆ. ಎಡಗೋಣೆ ತುಂಬದೆ ಬಿಪಿ ಕುಸಿಯುತ್ತದೆ.

ಬಿಪಿ ಬಿದ್ದರೆ ಸಲೈನ್ ಓಡಿಸುವುದು ನಮ್ಮ ವೈದ್ಯರ ಕೈಗೆ ಅಂಟಿದ ರೂಢಿ. ಇಲ್ಲಿ ಅದೇ ಮುಳುವು, ಉಬ್ಬಿದ ಕೋಣೆ ಇನ್ನಷ್ಟು ಉಬ್ಬುತ್ತದೆ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಕೆಳ ಮಹಾಸಿರೆ, ಅಂದರೆ ಕೆಳಮೈಯಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ಸಿರೆ, ಕುಗ್ಗಿ ಕಂಡರೆ ಮಾತ್ರ 500 ಮಿ.ಲೀ. ಮೀರದಂತೆ, 15ರಿಂದ 30 ನಿಮಿಷದಲ್ಲಿ ಕೊಡಬಹುದು. ಉಳಿದವರಿಗೆ ಬಿಪಿ ಏರಿಸುವ ನಾರ್‌ಅಡ್ರಿನಲಿನ್. ಅವಸರದ ಇಂಟ್ಯುಬೇಷನ್ (ಶ್ವಾಸನಾಳಕ್ಕೆ ಟ್ಯೂಬ್ ಇಳಿಸುವುದು) ಇನ್ನೂ ಅಪಾಯಕಾರಿ: ನಿದ್ದೆ ಬರಿಸುವ ಔಷಧ ಬಿಪಿಯನ್ನು ಬೀಳಿಸುತ್ತದೆ, ವೆಂಟಿಲೇಟರಿನ ಒತ್ತಡ ಹೃದಯಕ್ಕೆ ಮರಳುವ ರಕ್ತವನ್ನು ತಡೆಯುತ್ತದೆ. ಟ್ಯೂಬ್ ಇಳಿಸಿದ ಕೂಡಲೇ ಹೃದಯ ನಿಲ್ಲುವುದು ಹೀಗೆ. ಮಾಸ್ಕಿನಿಂದಲೋ ಮೂಗಿನ ನಳಿಗೆಯಲ್ಲಿ ರಭಸವಾಗಿ ಹರಿಸುವ ಹೈ ಫ್ಲೋದಿಂದಲೋ ಆಮ್ಲಜನಕ ಸಾಕಾದರೆ ಅಲ್ಲಿಗೇ ನಿಲ್ಲಿಸಿ.

ಅನುಮಾನ ಬಲವಾಗಿದ್ದು ರಕ್ತಸ್ರಾವದ ಭಯವಿಲ್ಲದಿದ್ದರೆ ಸಿ.ಟಿ. ವರದಿಗೆ ಕಾಯದೆ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಶುರು ಮಾಡಬೇಕು. ಅಂಥವರಲ್ಲಿ ಡಿ-ಡೈಮರ್ ಎಂಬ ರಕ್ತಪರೀಕ್ಷೆಗೆ ಕಳಿಸುವುದು ಹೊತ್ತು ಹಾಳು. ಅದು ಅನುಮಾನ ಕಡಿಮೆ ಇದ್ದಾಗ ರೋಗವಿಲ್ಲವೆಂದು ತೀರ್ಮಾನಿಸಲು ಇರುವ ಪರೀಕ್ಷೆ. ಬಿಪಿ ಸ್ಥಿರವಾಗಿದ್ದರೆ ಹೆಪಾರಿನ್ ಬಗೆಯದೇ ಆದ ಎನಾಕ್ಸಪರಿನ್, ಕಿಲೋಗೆ 1 ಮಿ.ಗ್ರಾಂ., 12 ಗಂಟೆಗೊಮ್ಮೆ. ಮೂತ್ರಪಿಂಡ ಕೈಕೊಟ್ಟಿದ್ದರೆ ಅಥವಾ ಬಿಪಿ ಬೀಳುತ್ತಿದ್ದರೆ ಸಾದಾ ಹೆಪಾರಿನ್: ಕಿಲೋಗೆ 80 ಯೂನಿಟ್ ಒಮ್ಮೆಗೆ, ಆಮೇಲೆ ಕಿಲೋಗೆ ಗಂಟೆಗೆ 18. ನಿಲ್ಲಿಸಿದರೆ ಬೇಗ ಇಳಿಯುತ್ತದೆ ಎಂಬುದೇ ಅದರ ಅನುಕೂಲ.

ಸಿಸ್ಟಾಲಿಕ್ ಬಿಪಿ 90ಕ್ಕಿಂತ ಕೆಳಗೆ 15 ನಿಮಿಷ ನಿಂತಿತೆಂದರೆ ಹೆಪ್ಪು ಕರಗಿಸುವ ಮಾತು. ಆಲ್ಟೆಪ್ಲೇಸ್ 100 ಮಿ.ಗ್ರಾಂ. ಎರಡು ಗಂಟೆಯಲ್ಲಿ, ಅದಿಲ್ಲದ ಕಡೆ ಸ್ಟ್ರೆಪ್ಟೋಕೈನೇಸ್ 15 ಲಕ್ಷ ಯೂನಿಟ್, ಅಷ್ಟೇ ಹೊತ್ತಿನಲ್ಲಿ. ಹೃದಯವೇ ನಿಂತಿದ್ದರೆ ಆಲ್ಟೆಪ್ಲೇಸ್ 50 ಮಿ.ಗ್ರಾಂ. ಒಮ್ಮೆಗೇ ಕೊಟ್ಟು ಎದೆ ಒತ್ತುವುದನ್ನು 60ರಿಂದ 90 ನಿಮಿಷ ಮುಂದುವರಿಸಬೇಕು. ಹತ್ತು ನಿಮಿಷಕ್ಕೆ ಕೈಬಿಟ್ಟರೆ ಔಷಧ ಕೊಟ್ಟೂ ವ್ಯರ್ಥ. ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ, ಮೂರು ವಾರದೊಳಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ ಈ ಔಷಧ ಸಲ್ಲದು; ಅವರಿಗಾಗಿ ಕ್ಯಾತಿಟರ್‌ನಿಂದಲೋ (ರಕ್ತನಾಳದೊಳಗೆ ತೂರಿಸುವ ನಳಿಗೆ) ಶಸ್ತ್ರಚಿಕಿತ್ಸೆಯಿಂದಲೋ ಹೆಪ್ಪು ತೆಗೆಯುವ ಕೇಂದ್ರಕ್ಕೆ ಬೇಗ ಫೋನ್ ಹೋಗಲಿ.

ಕಷ್ಟ ಇರುವುದು ನಡುವಿನವರಲ್ಲಿ: ಬಿಪಿ ಸರಿ, ಆದರೆ ಎಕೋದಲ್ಲಿ ಬಲಗೋಣೆ ಹಿಗ್ಗಿದೆ, ಹೃದಯಕ್ಕೆ ಪೆಟ್ಟಾದುದನ್ನು ರಕ್ತದಲ್ಲಿ ತೋರುವ ಟ್ರೊಪೊನಿನ್ ಏರಿದೆ. ಇಂಥವರಿಗೆಲ್ಲ ಕರಗಿಸುವ ಔಷಧ ಕೊಡುವ ಆಸೆಗೆ 2014ರ ಪೈಥೋ ಅಧ್ಯಯನ ತಣ್ಣೀರೆರಚಿತು. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಪಡೆದವರಲ್ಲಿ ಬಿಪಿ ಕುಸಿತ ತಗ್ಗಿತು, ಆದರೆ ಮಿದುಳಿನ ರಕ್ತಸ್ರಾವ ಶೇ. 2ಕ್ಕೆ ಏರಿತು, ಹೆಪಾರಿನ್ ಒಂದನ್ನೇ ಪಡೆದವರಲ್ಲಿ ಅದು ಶೇ. 0.2. ಹಾಗಾಗಿ ಹೆಪಾರಿನ್ ಹಾಕಿ ಐಸಿಯುನಲ್ಲಿ ಕಣ್ಣಿಟ್ಟು ಕಾಯುವುದೇ ನನ್ನ ಆಯ್ಕೆ.

ಮನೆಗೆ ಕಳಿಸುವಾಗ ಎಡವುವುದು ಮಾತ್ರೆಯ ಲೆಕ್ಕದಲ್ಲಿ. ಹೆಪ್ಪು ಕಟ್ಟದಂತೆ ತಡೆಯುವ ರಿವರಾಕ್ಸಬಾನ್ 15 ಮಿ.ಗ್ರಾಂ. ದಿನಕ್ಕೆ ಎರಡು ಸಲ, 21 ದಿನ; ನಂತರ 20 ಮಿ.ಗ್ರಾಂ. ಒಂದೇ ಸಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸರಿಯಾಗಿ ಮೈಗೆ ಹತ್ತದು, ಹಾಗಾಗಿ ‘ಊಟದ ಜೊತೆ’ ಎಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಿ. ಬದಲಾಯಿಸುವ ತಾರೀಖನ್ನೂ.