ಮೊದಲು ಮುಳ್ಳು ತೆಗೆಯಿರಿ, ಸುಣ್ಣ ಅಲ್ಲೇ ಇರಲಿ

ಶಿರಸಿ ಕಡೆ ಅಡಿಕೆ ತೋಟದಲ್ಲಿ ಜೇನು ಕಚ್ಚಿತು ಅಂದರೆ ಮೊದಲು ಕೈ ಹೋಗುವುದು ಕವಳದ (ಎಲೆ-ಅಡಿಕೆಯ) ಬಟ್ಟಲಿಗೆ. ಒಂದು ಬೆರಳು ಸುಣ್ಣ ಬಳಿದರೆ ಸಮಾಧಾನ. ಆದರೆ ಸುಣ್ಣ ಹುಡುಕುವಷ್ಟರಲ್ಲಿ ವಿಷ ಒಳಗೆ ಇಳಿದಾಗಿರುತ್ತದೆ.

ಜೇನಿನ ಮುಳ್ಳಿಗೆ ಕೊಕ್ಕೆಗಳಿವೆ. ಹುಳು ಹಾರಿದರೂ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಜೊತೆಗೆ ವಿಷದ ಚೀಲ ಮತ್ತು ಅದನ್ನು ಆಡಿಸುವ ಸ್ನಾಯು ಕೂಡ. ಹತ್ತಿರದಿಂದ ನೋಡಿದರೆ ಆ ಪುಟ್ಟ ಬಿಳಿ ಚೀಲ ಇನ್ನೂ ಮಿಡಿಯುತ್ತಿರುವುದು ಕಾಣುತ್ತದೆ. (ನೋಡುತ್ತಾ ನಿಲ್ಲಬೇಡಿ ಮತ್ತೆ!) ಅರ್ಧ ನಿಮಿಷದೊಳಗೆ ಹೆಚ್ಚಿನ ವಿಷ ಒಳಗೆ ಹೋಗಿಬಿಡುತ್ತದೆ.

ಚಿವುಟಿ ತೆಗೆದರೆ ಚೀಲ ಹಿಂಡಿದಂತಾಗುತ್ತದೆ, ಕೆರೆದೇ ತೆಗೆಯಬೇಕು ಅಂತ ಹೇಳುವವರಿದ್ದಾರೆ. 1996ರಲ್ಲಿ ಅಮೆರಿಕದ ಸಂಶೋಧಕರು ಮನುಷ್ಯರ ತೋಳಿಗೇ ಜೇನು ಕುಟುಕಿಸಿ, ಎದ್ದ ಗಂದೆ ಅಳೆದು ನೋಡಿದರು. ಕೆರೆದರೂ ಅಷ್ಟೇ, ಚಿವುಟಿದರೂ ಅಷ್ಟೇ. ತಡವಾದಷ್ಟೂ ಗಂದೆ ದೊಡ್ಡದು. ಮುಳ್ಳಿನ ಬುಡದಿಂದ ಬಾಳೆಹಣ್ಣಿನಂಥ ವಾಸನೆಯೂ ಹೊರಡುತ್ತದೆ. ಉಳಿದ ಜೇನುಗಳಿಗೆ ಅದು ‘ಇಲ್ಲೇ ಕುಟುಕಿ’ ಎಂಬ ಕರೆ. ಹಾಗಾಗಿ ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ, ಮುಳ್ಳಿನ ಕೆಲಸ ಆಮೇಲೆ.

ಸುಣ್ಣದ ವಿಷಯಕ್ಕೆ ಬಂದರೆ, ವಿಷ ಇರುವುದು ಚರ್ಮದ ಕೆಳಗೆ. ಮೇಲೆ ಹಚ್ಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ, ಸುಮ್ನೆ ಚರ್ಮ ಸುಡುತ್ತದೆ. ಸೋಪು ಹಾಕಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಸಾಕು. ಕೈಗೆ ಕಚ್ಚಿದ್ದರೆ ಊದುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಕಣಜ ಕಚ್ಚಿದರೆ ಸಾಮಾನ್ಯವಾಗಿ ಮುಳ್ಳು ಉಳಿಯುವುದಿಲ್ಲ. ಅದು ಮತ್ತೆ ಮತ್ತೆ ಕುಟುಕುತ್ತದೆ, ದೂರ ಸರಿಯುವುದೇ ದಾರಿ.

ಕಚ್ಚಿದ ಜಾಗದ ಊತ ಮರುದಿನ ಜಾಸ್ತಿಯಾಗಬಹುದು, ಅದಕ್ಕೆ ಗಾಬರಿ ಬೇಡ. ಆದರೆ ಕಚ್ಚಿದ್ದು ಕೈಗೆ, ಊದಿದ್ದು ತುಟಿ ಅಂತಾದರೆ? ಮೈತುಂಬ ಗಂದೆ, ಉಸಿರು ಬಿಗಿತ, ತಲೆಸುತ್ತು ಬಂದರೆ? ತಕ್ಷಣ 108ಕ್ಕೆ ಫೋನ್ ಮಾಡಿ. ಇದು ತೀವ್ರ ಅಲರ್ಜಿ, ಒಂದೇ ಹುಳು ಕಚ್ಚಿದರೂ ಆಗಬಹುದು. ಮುಖ್ಯ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಇದಕ್ಕೆ ಸಾಲದು. ಕಾಲು ಎತ್ತರದಲ್ಲಿಟ್ಟು ಮಲಗಿಸಿ. ಉಸಿರಿಗೆ ಕಷ್ಟವಾದರೆ ಕೂರಿಸಿ. ನಮ್ಮ ತೋಟಗಳು ಕಣಿವೆಯಲ್ಲಿ, ರಸ್ತೆ ಮೇಲೆ, ಅಲ್ವಾ? ದರೆ (ಕಡಿದಾದ ಏರು) ಹತ್ತಿಸಿ ನಡೆಸಬೇಡಿ, ಎತ್ತಿಕೊಂಡೇ ಬನ್ನಿ. ಎದ್ದು ನಿಂತರೆ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು.

ಹತ್ತಾರು ಹೆಜ್ಜೇನು ಕಚ್ಚಿಸಿಕೊಂಡವರು ‘ಆರಾಮಿದ್ದೇನೆ’ ಅಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಅಷ್ಟೊಂದು ವಿಷದಿಂದ ಕಿಡ್ನಿಗೆ ಬಿದ್ದ ಪೆಟ್ಟು ಕೆಲವೊಮ್ಮೆ ಒಂದೆರಡು ದಿನದ ಮೇಲೆ ಗೊತ್ತಾಗುತ್ತದೆ.