ಕಾಯಲು ಕಲಿತ ಸ್ಕ್ರಿಪ್ಟ್: ಡಯಲ್-ಅಪ್ ದಿನಗಳ ಫೈಲ್ ಪಟ್ಟಿ

ಫೋನ್ ಲೈನಿನಲ್ಲಿ ಕಂಪ್ಯೂಟರುಗಳನ್ನು ಮಾತಾಡಿಸುವ ಸಾಧನ ಮೋಡೆಮ್. 2400 ಬಿಪಿಎಸ್, ಅಂದರೆ ಸೆಕೆಂಡಿಗೆ 2400 ಬಿಟ್ ವೇಗದ ಮೋಡೆಮ್‌ನಲ್ಲಿ ಸೆಕೆಂಡಿಗೆ 240 ಅಕ್ಷರ ಬರುತ್ತವೆ. ಅಕ್ಷರದ ಎಂಟು ಬಿಟ್, ಮೊದಲಿಗೊಂದು ಬಿಟ್, ಕೊನೆಗೊಂದು ಬಿಟ್ ಸೇರಿ ಹತ್ತಾಗುತ್ತದೆ, ಅದಕ್ಕೇ ಹತ್ತರಿಂದ ಭಾಗಿಸಬೇಕು. 80 ಅಕ್ಷರದ 24 ಸಾಲು ತುಂಬಲು, ಅಂದರೆ ಒಂದು ಪರದೆ ತುಂಬಲು, ಎಂಟು ಸೆಕೆಂಡು. ಈಗ ಒಂದು ಬುಲೆಟಿನ್ ಬೋರ್ಡಿನಲ್ಲಿ, ಅಂದರೆ ಫೋನ್ ಮಾಡಿ ಒಳಹೊಕ್ಕು ಫೈಲು, ಸಂದೇಶ ನೋಡಬಹುದಾದ ಕಂಪ್ಯೂಟರಿನಲ್ಲಿ, 3000 ಫೈಲ್ ಇವೆ, ಒಂದೊಂದಕ್ಕೂ ಒಂದು ಪೂರ್ತಿ ಸಾಲು ಅಂದುಕೊಳ್ಳಿ. ಆ ಪಟ್ಟಿ ಕೊನೆಯ ತನಕ ಬರೋಕೆ ಹದಿನಾರೂವರೆ ನಿಮಿಷಕ್ಕಿಂತ ಜಾಸ್ತಿ ಬೇಕು. ಅದೂ ಎಲ್ಲೂ ನಿಲ್ಲದೆ ಬಂದರೆ. ಆದರೆ ಅದು ನಿಲ್ಲುತ್ತಿತ್ತು. ಪ್ರತಿ ಪರದೆ ತುಂಬಿದ ಮೇಲೂ "ಮೋರ್?" (ಇನ್ನೂ ಬೇಕಾ?) ಅಂತ ಕೇಳಿ, ನೀವು ಎಂಟರ್ ಒತ್ತುವ ತನಕ ಹಾಗೇ ಕೂರುತ್ತಿತ್ತು. ನೂರಿಪ್ಪತ್ತೈದು ಸಲ.

ಈ ನೂರಿಪ್ಪತ್ತೈದು ಎಂಟರ್‌ಗಳನ್ನು ಮನುಷ್ಯನ ಬದಲು ಕಂಪ್ಯೂಟರೇ ಒತ್ತಲಿ ಅಂತ ಹೊರಟವರು ಎದುರಿಸಿದ್ದು ಕಂಪ್ಯೂಟರ್ ವಿಜ್ಞಾನದ ನಿಜವಾದ ಸಮಸ್ಯೆಗಳನ್ನೇ. ಒತ್ತುವುದು ಏನೂ ಕಷ್ಟವಲ್ಲ. ಯಾವಾಗ ಒತ್ತಬೇಕು ಅಂತ ಗೊತ್ತಾಗುವುದು ಕಷ್ಟ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಮೊದಲ ಡಯಲ್-ಅಪ್ ಬುಲೆಟಿನ್ ಬೋರ್ಡ್ ಶುರುವಾಗಿದ್ದು ಅಮೆರಿಕದ ಶಿಕಾಗೋದಲ್ಲಿ, 1978ರ ಫೆಬ್ರವರಿ 16ರಂದು. ಆ ಚಳಿಗಾಲದ ಭಾರೀ ಹಿಮಪಾತದಲ್ಲಿ ಮನೆಯಲ್ಲೇ ಸಿಕ್ಕಿಕೊಂಡಿದ್ದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ಅವರ ಗೆಳೆಯ ರ್‍ಯಾಂಡಿ ಸೂಸ್ ಸೇರಿ ಅದನ್ನು ಕಟ್ಟಿದರು. ಒಂದು ಕಂಪ್ಯೂಟರ್, ಒಂದು ಮೋಡೆಮ್, ಒಂದು ಫೋನ್ ಲೈನ್. ಒಬ್ಬರು ಒಳಗಿದ್ದರೆ ಮಿಕ್ಕವರಿಗೆಲ್ಲ ಎಂಗೇಜ್ ಟೋನ್. 1980ರ ದಶಕದುದ್ದಕ್ಕೂ ಇಂಥ ಬುಲೆಟಿನ್ ಬೋರ್ಡ್ ಸಿಸ್ಟಮ್‌ಗಳು, ಚಿಕ್ಕದಾಗಿ ಬಿಬಿಎಸ್‌ಗಳು, ಊರೂರಲ್ಲಿ ಹುಟ್ಟಿದವು, ನಡೆಸುವವರನ್ನು ಸಿಸಾಪ್ ಅಂತ ಕರೆಯುತ್ತಿದ್ದರು. ಹೆಚ್ಚಿನವರು ತಮ್ಮ ಮನೆಯ ಮೂಲೆಯಲ್ಲಿ, ತಮ್ಮದೇ ದುಡ್ಡಲ್ಲಿ ನಡೆಸುತ್ತಿದ್ದರು. ನಮ್ಮ ಬೆಂಗಳೂರಲ್ಲೂ ಇತ್ತು: ಅತುಲ್ ಚಿಟ್ನಿಸ್ ನಡೆಸುತ್ತಿದ್ದ 'ಸಿಐಎಕ್ಸ್', ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಡುವುದಕ್ಕೆ ಎಷ್ಟೋ ಮೊದಲೇ.

ಬಿಬಿಎಸ್‌ಗೆ ಜನ ಹೋಗುತ್ತಿದ್ದ ದೊಡ್ಡ ಕಾರಣಗಳಲ್ಲೊಂದು ಫೈಲುಗಳು. ಶೇರ್‌ವೇರ್ (ಮೊದಲು ಬಳಸಿ ನೋಡಿ ಆಮೇಲೆ ದುಡ್ಡು ಕೊಡುವ ಪ್ರೋಗ್ರಾಮ್), ಆಟ, ಫಾಂಟ್, ಪಠ್ಯ. ಏನಿದೆ ಅಂತ ನೋಡಬೇಕಾದರೆ ಪಟ್ಟಿ ನೋಡಬೇಕು. ಪಟ್ಟಿ ನೋಡುತ್ತ ಕೂತರೆ ನಿಮಗೆ ಸಿಸಾಪ್ ಕೊಟ್ಟಿರುವ ದಿನದ ಅರ್ಧ ಗಂಟೆಯೋ ಒಂದು ಗಂಟೆಯೋ ಕರಗುತ್ತದೆ, ಫೋನ್ ಬಿಲ್ ಏರುತ್ತದೆ, ಹೊರಗೆ ಇನ್ನೊಬ್ಬರು ರೀಡಯಲ್ ಮಾಡುತ್ತಲೇ ಇರುತ್ತಾರೆ. ಹಾಗಾಗಿ ಬುದ್ಧಿವಂತರು ಪಟ್ಟಿಯನ್ನು ಡಿಸ್ಕಿಗೆ ಹಿಡಿದುಕೊಂಡು, ಲೈನ್ ಬಿಟ್ಟು, ಆಮೇಲೆ ಆರಾಮಾಗಿ ಓದುತ್ತಿದ್ದರು. ಟೆಲಿಕ್ಸ್, ಪ್ರೊಕಾಮ್, ಕ್ಯೂಮೋಡೆಮ್ ಥರದ, ಮೋಡೆಮ್ ಮೂಲಕ ಮಾತಾಡುವ ಟರ್ಮಿನಲ್ ಪ್ರೋಗ್ರಾಮುಗಳಲ್ಲಿ 'ಕ್ಯಾಪ್ಚರ್' ಅನ್ನೋ ಸೌಲಭ್ಯ ಇರುತ್ತಿತ್ತು. ಪರದೆಗೆ ಬಂದದ್ದೆಲ್ಲ ಒಂದು ಫೈಲಿಗೂ ಹೋಗುತ್ತದೆ, ಅಷ್ಟೇ. ಅದರ ಜೊತೆಗೆ, ತಾನಾಗೇ ಆಗಬೇಕಾದ ಕೆಲಸಗಳನ್ನು ಸಾಲಾಗಿ ಬರೆದಿಡುವ ಸ್ಕ್ರಿಪ್ಟ್ ಭಾಷೆಯೂ ಇತ್ತು: ಟೆಲಿಕ್ಸ್‌ನದ್ದು 'ಸಾಲ್ಟ್', ಪ್ರೊಕಾಮ್‌ನದ್ದು 'ಆಸ್ಪೆಕ್ಟ್'. ಇವೆರಡನ್ನೂ ಸೇರಿಸಿದರೆ, ಫೋನ್ ದರ ಕಡಿಮೆ ಇರುವ ಮಧ್ಯರಾತ್ರಿಯಲ್ಲಿ ನೀವು ಮಲಗಿರುವಾಗಲೇ ನಾಲ್ಕೈದು ಬಿಬಿಎಸ್‌ಗಳ ಪಟ್ಟಿ ಬಂದು ಡಿಸ್ಕಿನಲ್ಲಿ ಕೂತಿರುತ್ತದೆ.

ಸ್ಕ್ರಿಪ್ಟಿನ ಮೊದಲ ಕೆಲಸ ಡಯಲ್ ಮಾಡುವುದು. 1981ರಲ್ಲಿ ಬಂದ ಹೇಸ್ ಸ್ಮಾರ್ಟ್‌ಮೋಡೆಮ್ ಇದನ್ನು ಸುಲಭ ಮಾಡಿತ್ತು. 'ಎಟಿಡಿಟಿ' ಅಂತ ಬರೆದು ನಂಬರ್ ಕೊಟ್ಟರೆ ಮೋಡೆಮ್ ತಾನೇ ಡಯಲ್ ಮಾಡಿ, 'ಕನೆಕ್ಟ್' ಅಂತಲೋ 'ನೋ ಕ್ಯಾರಿಯರ್' (ಸಂಪರ್ಕ ಇಲ್ಲ) ಅಂತಲೋ ಅಕ್ಷರಗಳಲ್ಲೇ ಉತ್ತರ ಕೊಡುತ್ತಿತ್ತು. ಆಮೇಲೆ ಬಿಬಿಎಸ್ ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ, ಮೆನು ತೋರಿಸುತ್ತದೆ. ಪ್ರತಿಯೊಂದಕ್ಕೂ ಕಾದು ಉತ್ತರಿಸಬೇಕು. ಟೆಲಿಕ್ಸ್‌ನಲ್ಲಿ ಇದಕ್ಕೆ 'ವೇಟ್‌ಫಾರ್' ಅನ್ನುವ ಆಜ್ಞೆ: ಇಂಥ ಪದ ಬರುವ ತನಕ ಕಾಯಿ, ಇಷ್ಟು ಸೆಕೆಂಡಲ್ಲಿ ಬರದಿದ್ದರೆ ಬಿಡು.

ಈ ಕಾಯುವ ವಿದ್ಯೆ ಇನ್ನೂ ಹಳೆಯದು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಬರೆದ ಯುಯುಸಿಪಿ, ಯುನಿಕ್ಸ್ ಕಂಪ್ಯೂಟರುಗಳನ್ನು ಫೋನ್ ಮೂಲಕ ಒಂದಕ್ಕೊಂದು ಮಾತಾಡಿಸುತ್ತಿತ್ತು. ಅದರ ಸಂರಚನೆ ಫೈಲಿನಲ್ಲಿ "ಇದು ಬಂದರೆ ಇದನ್ನು ಕಳಿಸು" ಅನ್ನುವ ಜೋಡಿಗಳ ಸಾಲು ಇರುತ್ತಿತ್ತು. ಅಲ್ಲಿ ಲಾಗಿನ್ ಅನ್ನುವ ಪದಕ್ಕೆ ಕಾಯುವಾಗ ಯಾರೂ ಪೂರ್ತಿ ಪದ ಬರೆಯುತ್ತಿರಲಿಲ್ಲ, ಮೊದಲಿನ 'ಎಲ್' ಬಿಟ್ಟು 'ಓ' ಅಕ್ಷರದಿಂದ ಶುರು ಮಾಡುತ್ತಿದ್ದರು. ಯಾಕೆಂದರೆ ಕೆಲವು ಯಂತ್ರ ಅದನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ, ಕೆಲವು ಚಿಕ್ಕದರಲ್ಲಿ. ಸಂಪರ್ಕ ಆಗ ತಾನೇ ಕುದುರಿದ್ದರೆ ಮೊದಲ ಅಕ್ಷರ ಗದ್ದಲದಲ್ಲಿ ಕಳೆದೂ ಹೋಗಿರಬಹುದು. ಖಂಡಿತ ಬರುವುದಕ್ಕೆ ಮಾತ್ರ ಕಾಯಿ, ಅನುಮಾನ ಇರುವುದನ್ನು ಬಿಡು. ಒಂದೇ ಅಕ್ಷರ ಬಿಟ್ಟಿದ್ದು, ಆದರೆ ಎಷ್ಟು ಅನುಭವ ಇದೆ ನೋಡಿ ಅದರಲ್ಲಿ.

ಸರಿ, ಪದಕ್ಕೆ ಕಾಯುವುದು ಅಂದರೆ ಒಳಗೆ ಏನು ನಡೆಯುತ್ತದೆ? ಫೈಲಿನಲ್ಲಿ ಪದ ಹುಡುಕುವುದಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಫೈಲಿನಲ್ಲಿ ಹಿಂದೆ ಹೋಗಿ ಮತ್ತೆ ನೋಡಬಹುದು. ಮೋಡೆಮ್‌ನಿಂದ ಬಂದ ಅಕ್ಷರ ಬಂತು, ಹೋಯಿತು. 'ಕಕಗ' ಅನ್ನುವ ಪದಕ್ಕೆ ಕಾಯುತ್ತಿದ್ದೀರಿ, ಬರುತ್ತಿರುವುದು 'ಕಕಕಗ' ಅಂತಿಟ್ಟುಕೊಳ್ಳಿ. ಮೊದಲ ಕ ಸರಿ, ಎರಡನೇ ಕ ಸರಿ, ಮೂರನೆಯದು ಗ ಆಗಬೇಕಿತ್ತು, ಕ ಬಂತು. ಅವಸರದಲ್ಲಿ ಬರೆದ ಪ್ರೋಗ್ರಾಮ್ "ತಪ್ಪಾಯಿತು, ಮೊದಲಿಂದ ಶುರು" ಅನ್ನುತ್ತದೆ. ಆಗ ಮುಂದೆ ಬರುವ ಗ ಅದಕ್ಕೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಪದ ಕಣ್ಣೆದುರೇ ಹಾದು ಹೋಗಿರುತ್ತದೆ, ಪ್ರೋಗ್ರಾಮ್ ಇನ್ನೂ ಕಾಯುತ್ತಿರುತ್ತದೆ! ಸರಿಯಾಗಿ ಯೋಚಿಸಿದರೆ ಮೂರನೇ ಕ ಬಂದಾಗ ಪೂರ್ತಿ ಹಿಂದೆ ಬೀಳಬೇಕಾಗಿಲ್ಲ. ಕಡೆಯ ಎರಡು ಅಕ್ಷರ 'ಕಕ' ತಾನೇ? ಅಂದರೆ ಇನ್ನೂ ಎರಡು ಅಕ್ಷರ ಹೊಂದಿದ ಸ್ಥಿತಿಯಲ್ಲೇ ಇದ್ದೀರಿ. ತಪ್ಪಿದಾಗ ಎಷ್ಟು ಹಿಂದೆ ಬೀಳಬೇಕು ಅನ್ನುವುದನ್ನು ಪದವನ್ನಷ್ಟೇ ನೋಡಿ ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳಬಹುದು. 1977ರಲ್ಲಿ ಕ್ನೂತ್, ಮಾರಿಸ್, ಪ್ರ್ಯಾಟ್ ಮೂವರೂ ಸೇರಿ ಪ್ರಕಟಿಸಿದ ಪ್ರಸಿದ್ಧ ವಿಧಾನ ಇದೇ. ಹಿಂದೆ ತಿರುಗಿ ನೋಡದೆ, ಪ್ರತಿ ಅಕ್ಷರವನ್ನೂ ಒಂದೇ ಸಲ ನೋಡಿ ಹುಡುಕುವುದು. ಫೋನ್ ಲೈನಿಗೆ ಇದಕ್ಕಿಂತ ಹೊಂದುವ ವಿಧಾನ ಬೇರೆ ಇಲ್ಲ.

ಆದರೆ ಒಂದೇ ಪದಕ್ಕೆ ಕಾದರೆ ಸಾಲದು. ಪಟ್ಟಿ ಹರಿಯುತ್ತಿರುವಾಗ ಮುಂದೆ 'ಮೋರ್?' ಬರಬಹುದು, ಪಟ್ಟಿ ಮುಗಿದು ಮೆನು ಬರಬಹುದು, "ನಿಮ್ಮ ಸಮಯ ಮುಗಿಯಿತು" ಅಂತ ಬರಬಹುದು, ಲೈನೇ ಕಟ್ ಆಗಿ 'ನೋ ಕ್ಯಾರಿಯರ್' ಬರಬಹುದು. ನಾಲ್ಕಕ್ಕೂ ಒಟ್ಟಿಗೆ ಕಿವಿ ಕೊಡಬೇಕು. ಎಷ್ಟೇ ಪದ ಇರಲಿ, ಅಕ್ಷರಗಳನ್ನು ಒಂದೇ ಸಲ ನೋಡಿ ಎಲ್ಲವನ್ನೂ ಹುಡುಕುವ ವಿಧಾನವನ್ನು ಬೆಲ್ ಲ್ಯಾಬ್ಸ್‌ನ ಆಲ್ಫ್ರೆಡ್ ಅಹೋ ಮತ್ತು ಮಾರ್ಗರೆಟ್ ಕೊರಾಸಿಕ್ 1975ರಲ್ಲೇ ಕೊಟ್ಟಿದ್ದರು. ಟೆಲಿಕ್ಸ್‌ನಲ್ಲೂ ಹಲವು ಪದಗಳ ಮೇಲೆ ಏಕಕಾಲಕ್ಕೆ ನಿಗಾ ಇಡುವ 'ಟ್ರ್ಯಾಕ್' ಆಜ್ಞೆ ಇತ್ತು. ಇವೆಲ್ಲಕ್ಕಿಂತ ಮುಖ್ಯವಾದ ಐದನೆಯದೊಂದಿದೆ: ಏನೂ ಬರದೇ ಇರುವುದು. ಮೌನವೂ ಒಂದು ಉತ್ತರ. ಎರಡು ನಿಮಿಷ ಏನೂ ಬರದಿದ್ದರೆ ಫೋನ್ ಇಟ್ಟುಬಿಡುವ ಸಾಲನ್ನು ಬರೆಯದ ಸ್ಕ್ರಿಪ್ಟ್ ನನ್ನ ಲೆಕ್ಕದಲ್ಲಿ ಸ್ಕ್ರಿಪ್ಟೇ ಅಲ್ಲ. ನೀವು ಮಲಗಿದ್ದೀರಿ, ಸ್ಕ್ರಿಪ್ಟ್ ಬಾರದ ಪದಕ್ಕೆ ಕಾಯುತ್ತಿದೆ, ಇನ್ನೊಬ್ಬರ ಮನೆಯ ಒಂದೇ ಲೈನ್ ಹಿಡಿದು ಕೂತಿದೆ. ಅದು ತಾಂತ್ರಿಕ ದೋಷ ಅಷ್ಟೇ ಅಲ್ಲ, ಆ ಸಿಸಾಪ್‌ಗೂ ಕಾಯುತ್ತಿರುವ ಮಿಕ್ಕವರಿಗೂ ಮಾಡಿದ ಅನ್ಯಾಯ.

ಯಾವ ಪದಕ್ಕೆ ಕಾಯಬೇಕು ಅನ್ನುವುದರಲ್ಲೂ ಎಚ್ಚರ ಬೇಕು. ಬರೀ 'ಮೋರ್' ಅಂತ ಕಾದರೆ, ಪಟ್ಟಿಯಲ್ಲೇ ಯಾವುದೋ ಫೈಲಿನ ವಿವರಣೆಯಲ್ಲಿ "ಮೋರ್ ಫಾಂಟ್ಸ್" ಅಂತ ಬಂದ ಕೂಡಲೇ ಸ್ಕ್ರಿಪ್ಟ್ ಎಂಟರ್ ಕಳಿಸಿಬಿಡುತ್ತದೆ. ಆ ಹೆಚ್ಚುವರಿ ಎಂಟರ್ ಎಲ್ಲೋ ಮುಂದೆ ಬೇರೆ ಪ್ರಶ್ನೆಗೆ ಉತ್ತರವಾಗಿ ಹೋಗಿ, ಅಲ್ಲಿಂದಾಚೆ ಎಲ್ಲವೂ ಒಂದೊಂದು ಹೆಜ್ಜೆ ತಪ್ಪುತ್ತದೆ. ಆದ್ದರಿಂದ ಪ್ರಶ್ನೆಯ ಜೊತೆ ಬರುವ ಆವರಣ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ, ಖಾಲಿ ಜಾಗ ಎಲ್ಲವನ್ನೂ ಸೇರಿಸಿಕೊಂಡು ಕಾಯಬೇಕು. ಇನ್ನೊಂದು ವಿಷಯ: ಈ ಪ್ರಶ್ನೆಗಳ ಕೊನೆಗೆ ಹೊಸಸಾಲಿನ ಗುರುತು ಇರುವುದಿಲ್ಲ. ಕರ್ಸರ್ ಅದೇ ಸಾಲಿನಲ್ಲಿ ಮಿನುಗುತ್ತ ನಿಂತಿರುತ್ತದೆ. ಒಂದೊಂದು ಸಾಲು ಪೂರ್ತಿ ಬಂದ ಮೇಲೆ ಓದೋಣ ಅಂತ ಬರೆದ ಪ್ರೋಗ್ರಾಮಿಗೆ ಆ ಪ್ರಶ್ನೆ ಕಾಣಿಸುವುದೇ ಇಲ್ಲ. ಬಿಬಿಎಸ್ ಉತ್ತರಕ್ಕೆ ಕಾಯುತ್ತದೆ, ಪ್ರೋಗ್ರಾಮ್ ಸಾಲು ಮುಗಿಯಲಿ ಅಂತ ಕಾಯುತ್ತದೆ.

ಹಿಡಿದದ್ದು ಶುದ್ಧವಾಗಿ ಇರುತ್ತದಾ ಅಂದರೆ ಅದೂ ಇಲ್ಲ. ಬಣ್ಣಕ್ಕೆ ಅಂತ ಬರುವ ಆನ್ಸಿ ಸಂಕೇತಗಳು ಫೈಲಿನಲ್ಲಿ ಕಸವಾಗಿ ಉಳಿಯುತ್ತವೆ, ಹಾಗಾಗಿ ಲಾಗಿನ್ ಆಗುವಾಗಲೇ ಬಣ್ಣ ಬೇಡ ಅಂದುಬಿಡುವುದು ಒಳ್ಳೇದು. ಫೋನ್ ಲೈನಿನ ಗದ್ದಲ ಫೈಲಿನ ಹೆಸರಿನ ಮಧ್ಯೆ ಒಂದು ಆವರಣ ಚಿಹ್ನೆಯನ್ನು ತೂರಿಸಬಹುದು. ದೋಷ ಸರಿಪಡಿಸುವ ಮೋಡೆಮ್‌ಗಳು ಬಂದ ಮೇಲೆ ಈ ಗದ್ದಲ ಹೋಯಿತು, ಆದರೂ ಅಕ್ಷರ ಕಳೆಯುವುದು ನಿಲ್ಲಲಿಲ್ಲ. ಯಾಕೆಂದರೆ ಈಗ ಕಳೆಯುತ್ತಿದ್ದುದು ಫೋನ್ ಲೈನಿನಲ್ಲಲ್ಲ, ಮೋಡೆಮ್‌ಗೂ ಕಂಪ್ಯೂಟರಿಗೂ ನಡುವೆ. ಹಳೆಯ ಪಿಸಿಗಳಲ್ಲಿ ಮೋಡೆಮ್ ಜೋಡಿಸುವ ಪೋರ್ಟನ್ನು ನೋಡಿಕೊಳ್ಳುವ 8250 ಚಿಪ್ ಬಂದ ಒಂದೇ ಒಂದು ಅಕ್ಷರವನ್ನು ಇಟ್ಟುಕೊಂಡಿರಬಲ್ಲದು. ಪೋರ್ಟ್ 38,400 ಬಿಪಿಎಸ್‌ನಲ್ಲಿ ಓಡುತ್ತಿದ್ದರೆ ಸುಮಾರು 0.26 ಮಿಲಿಸೆಕೆಂಡಿಗೆ ಒಂದು ಅಕ್ಷರ. ಕ್ಯಾಪ್ಚರ್ ಮಾಡಿದ್ದನ್ನು ಡಿಸ್ಕಿಗೆ ಬರೆಯುತ್ತಿರುವ ಪ್ರೊಸೆಸರ್ ಅಷ್ಟರಲ್ಲಿ ಬಂದು ಎತ್ತಿಕೊಳ್ಳದಿದ್ದರೆ ಹೊಸ ಅಕ್ಷರ ಹಳೆಯದರ ಮೇಲೆ ಕೂರುತ್ತದೆ. 16550ಎ ಚಿಪ್‌ನಲ್ಲಿ ಹದಿನಾರು ಅಕ್ಷರಕ್ಕೆ ಜಾಗ ಇತ್ತು, ಅಂದರೆ ನಾಲ್ಕು ಮಿಲಿಸೆಕೆಂಡಿನ ಬಿಡುವು. ಜನ ಈ ಚಿಪ್ ಇರುವ ಕಾರ್ಡನ್ನೇ ಹುಡುಕಿ ಹಾಕಿಸಿಕೊಳ್ಳುತ್ತಿದ್ದುದು ಇದಕ್ಕೇ.

ಪರದೆಗೆ ಬರುವ ಪಠ್ಯಕ್ಕೆ ತಪ್ಪು ಹಿಡಿಯುವ ವ್ಯವಸ್ಥೆ ಏನೂ ಇಲ್ಲ. ಆದ್ದರಿಂದ ಸಿಸಾಪ್ ಪೂರ್ತಿ ಪಟ್ಟಿಯನ್ನೇ ಜಿಪ್ ಮಾಡಿ ಒಂದು ಫೈಲಾಗಿ ಇಟ್ಟಿದ್ದರೆ ಅದನ್ನೇ ಇಳಿಸಿಕೊಳ್ಳುವುದು ಎಷ್ಟೋ ಮೇಲು. ಚಕ್ ಫೋರ್ಸ್‌ಬರ್ಗ್ 1986ರಲ್ಲಿ ರೂಪಿಸಿದ, ಫೈಲ್ ಕಳಿಸುವ ವಿಧಾನ ಝಡ್‌ಮೋಡೆಮ್ ಪ್ರತಿ ತುಂಡನ್ನೂ ಪರೀಕ್ಷಿಸಿ ಕಳಿಸುತ್ತದೆ, ಮಧ್ಯೆ ಕಟ್ ಆದರೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಪಟ್ಟಿ ಮೂರನೇ ಒಂದು ಭಾಗಕ್ಕೆ ಕುಗ್ಗಿದ್ದರೆ ಹದಿನಾರೂವರೆ ನಿಮಿಷದ ಕೆಲಸ ಐದೂವರೆಯಲ್ಲಿ ಮುಗಿಯುತ್ತದೆ. ಬಿಬಿಎಸ್‌ಗಳನ್ನು ಒಂದಕ್ಕೊಂದು ಜೋಡಿಸಲು ಟಾಮ್ ಜೆನ್ನಿಂಗ್ಸ್ 1984ರಲ್ಲಿ ಶುರು ಮಾಡಿದ ಜಾಲ ಫಿಡೋನೆಟ್‌ನ ಬಿಬಿಎಸ್‌ಗಳಲ್ಲಿ ಇನ್ನೂ ಸುಲಭ ಆಯಿತು: ಒಂದು ಕಂಪ್ಯೂಟರ್ ಇನ್ನೊಂದಕ್ಕೆ 'ಫೈಲ್ಸ್' ಅನ್ನುವ ಹೆಸರು ಕೇಳಿದರೆ ಅಲ್ಲಿನ ಪಟ್ಟಿ ತಾನಾಗೇ ಬರುತ್ತಿತ್ತು. ಲಾಗಿನ್ ಇಲ್ಲ, ಮೆನು ಇಲ್ಲ. ಮನುಷ್ಯರಿಗೆ ಅಂತ ಮಾಡಿದ ಪರದೆಯನ್ನು ಯಂತ್ರದಿಂದ ಓದಿಸುವುದು ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ. ಯಂತ್ರಕ್ಕೇ ಅಂತ ಬಾಗಿಲು ಇದ್ದರೆ ಅಲ್ಲಿಂದಲೇ ಹೋಗಬೇಕು. ಇವತ್ತು ವೆಬ್‌ಸೈಟುಗಳಿಂದ ಮಾಹಿತಿ ಎತ್ತುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಬಂದ ಪಟ್ಟಿಯನ್ನು ಕಳೆದ ವಾರದ್ದರ ಜೊತೆ ಹೋಲಿಸಿ ಹೊಸದನ್ನಷ್ಟೇ ಎತ್ತಿಕೊಳ್ಳುವುದು ಮುಂದಿನ ಹಂತ. ಹೆಸರು ಎಂಟಕ್ಷರ, ಚುಕ್ಕಿ, ಮೂರಕ್ಷರ, ಆಮೇಲೆ ಗಾತ್ರ, ದಿನಾಂಕ, ವಿವರಣೆ ಅಂತ ಕಂಬಸಾಲುಗಳಲ್ಲಿ ಇರುತ್ತಿದ್ದುದರಿಂದ ಬಿಡಿಸುವುದು ಅಷ್ಟೇನೂ ಕಷ್ಟವಲ್ಲ. ವಿವರಣೆ ಎರಡನೇ ಸಾಲಿಗೆ ಇಳಿದಾಗ, ಅಮೆರಿಕದವರು ತಿಂಗಳು ಮೊದಲು ಬರೆದು ಯುರೋಪಿನವರು ದಿನ ಮೊದಲು ಬರೆದಾಗ ಮಾತ್ರ ತಲೆನೋವು.

ಬಿಬಿಎಸ್‌ಗಳು ಹೋದವು. ಆದರೆ ಕಾಯುವ ಸ್ಕ್ರಿಪ್ಟ್ ಹೋಗಲಿಲ್ಲ. 1990ರಲ್ಲಿ ಡಾನ್ ಲೈಬ್ಸ್ ಬರೆದ, ಪದಕ್ಕೆ ಕಾದು ಉತ್ತರಿಸುವ ಪ್ರೋಗ್ರಾಮ್ 'ಎಕ್ಸ್‌ಪೆಕ್ಟ್' ಅನ್ನು ನೆಟ್‌ವರ್ಕ್ ನೋಡಿಕೊಳ್ಳುವವರು ಈಗಲೂ ಬಳಸುತ್ತಾರೆ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ನೋಡಿ. ಪಂಪ್‌ಸೆಟ್ ಆನ್ ಆದರೆ ರೈತರಿಗೆ ಎಸ್‌ಎಂಎಸ್ ಕಳಿಸುವ ಥರದ ಪ್ರಾಜೆಕ್ಟುಗಳಲ್ಲಿ ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಜೊತೆ, ಮೊಬೈಲ್ ಜಾಲಕ್ಕೆ ಸೇರಿಸುವ ಸಿಮ್800 ಮಾಡ್ಯೂಲ್ ಇರುತ್ತದೆ. ಅದಕ್ಕೆ ಕೊಡುವ ಆಜ್ಞೆಗಳೂ 'ಎಟಿ' ಅಂತಲೇ ಶುರುವಾಗುತ್ತವೆ, 1981ರ ಹೇಸ್ ಮೋಡೆಮ್‌ನ ಹಾಗೆಯೇ. ಎಸ್‌ಎಂಎಸ್ ಕಳಿಸುವ ಆಜ್ಞೆ ಕೊಟ್ಟರೆ ಮಾಡ್ಯೂಲ್ '>' ಚಿಹ್ನೆ ತೋರಿಸಿ ಸಂದೇಶಕ್ಕೆ ಕಾಯುತ್ತದೆ, ಅದರ ಕೊನೆಗೂ ಹೊಸಸಾಲಿನ ಗುರುತು ಇರುವುದಿಲ್ಲ. ಪೂರ್ತಿ ಸಾಲು ಓದಲು ಹೊರಟ ಕೋಡ್ ಒಂದು ಸೆಕೆಂಡ್ ಕಾದು ಕೈಬಿಡುತ್ತದೆ. ಬಹಳಷ್ಟು ಹುಡುಗರು ಉತ್ತರ ನೋಡುವ ಗೋಜಿಗೇ ಹೋಗದೆ ಒಂದು ಸೆಕೆಂಡು ಸುಮ್ಮನೆ ಕಾಯುವ 'ಡಿಲೇ' ಹಾಕಿ ಮುಂದಕ್ಕೆ ಹೋಗುತ್ತಾರೆ. ಸಿಗ್ನಲ್ ಚೆನ್ನಾಗಿರುವ ಲ್ಯಾಬಿನಲ್ಲಿ ಅದು ನಡೆಯುತ್ತದೆ. ಆಮೇಲೆ ಮಾಡ್ಯೂಲ್‌ನಲ್ಲಿರುವ ಎಸ್‌ಎಂಎಸ್‌ಗಳ ಪಟ್ಟಿ ಕೇಳುತ್ತಾರೆ. ಪಟ್ಟಿ 9600 ಬಿಪಿಎಸ್‌ನಲ್ಲಿ ಬರಲು ಶುರುವಾಗುತ್ತದೆ, ಬರುವ ಅಕ್ಷರಗಳನ್ನು ಪಡೆಯುವ, ಆರ್ಡುಯಿನೊದ ಸಾಫ್ಟ್‌ವೇರ್‌ಸೀರಿಯಲ್ ಹಿಡಿದಿಟ್ಟುಕೊಳ್ಳುವುದು 64 ಅಕ್ಷರ ಮಾತ್ರ, ಅದು 70 ಮಿಲಿಸೆಕೆಂಡಿನೊಳಗೇ ತುಂಬುತ್ತದೆ, ಕೋಡ್ ಇನ್ನೂ ಡಿಲೇಯಲ್ಲೇ ಇರುತ್ತದೆ. ಪಟ್ಟಿ ಅರ್ಧಕ್ಕೇ ತುಂಡಾಗಿ ಬಂದಾಗ ಮಾಡ್ಯೂಲ್ ಕೆಟ್ಟಿದೆ ಅಂತ ಬದಲಾಯಿಸಬೇಡಿ. ಡಿಲೇ ತೆಗೆದು, ಬಂದ ಅಕ್ಷರವನ್ನು ಬಂದ ಹಾಗೇ ಎತ್ತಿಕೊಳ್ಳುತ್ತ, ಕೊನೆಯ 'ಓಕೆ'ಗೆ ಸರಿಯಾಗಿ ಕಾಯುವ ಹಾಗೆ ಬರೆಯಿರಿ. ಜೊತೆಗೆ ಅದು ಬಾರದೇ ಹೋದರೆ ಏನು ಮಾಡಬೇಕು ಅನ್ನುವುದನ್ನೂ.