ಕಟ್ಟಡದ ಜೀವನಚಕ್ರ ಲೆಕ್ಕ: ನಕ್ಷೆ ಬದಲಿಸಲು ಅವಕಾಶ ಇರುವಾಗಲೇ ಮಾಡಬೇಕಾದ ಕೆಲಸ

ಒಂದು ವಸ್ತು ಹುಟ್ಟಿನಿಂದ ವಿಲೇವಾರಿಯವರೆಗೆ ಪರಿಸರದ ಮೇಲೆ ಹಾಕುವ ಹೊರೆಯನ್ನು ಲೆಕ್ಕ ಹಾಕುವ ಜೀವನಚಕ್ರ ಮೌಲ್ಯಮಾಪನಕ್ಕೆ (ಎಲ್‌ಸಿಎ) ನಾಲ್ಕು ಹಂತ: ಗುರಿ ಮತ್ತು ವ್ಯಾಪ್ತಿಯ ನಿರ್ಧಾರ, ಒಳಹರಿವು-ಹೊರಹರಿವಿನ ಪಟ್ಟಿ, ಪರಿಣಾಮದ ಅಳತೆ, ಫಲಿತಾಂಶದ ಅರ್ಥೈಸುವಿಕೆ. ಐಎಸ್‌ಒ 14040 ಮತ್ತು 14044 ಮಾನದಂಡಗಳ ತಿರುಳು ಇದೇ. ಇದನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ ಒಂದು ಮನೆಯ ನಕ್ಷೆ ಮುಂದಿದ್ದಾಗ ಯಾವುದನ್ನು ಬದಲಿಸಿದರೆ ಪರಿಸರದ ಹೊರೆ ನಿಜವಾಗಿ ಇಳಿಯುತ್ತದೆ ಎಂದು ತಿಳಿಯಬೇಕಾದರೆ ಅಂಕಿಗಳೊಳಗೆ ಇಳಿಯಲೇಬೇಕು. ಈ ಟಿಪ್ಪಣಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ.

ಮೊದಲು ಅಕ್ಷರಗಳ ಗುಂಪುಗಳನ್ನು ಪರಿಚಯ ಮಾಡಿಕೊಳ್ಳೋಣ. ಯುರೋಪಿನ ಇಎನ್ 15978 ಮಾನದಂಡ ಕಟ್ಟಡದ ಬದುಕನ್ನು ಎ, ಬಿ, ಸಿ, ಡಿ ಎಂದು ಭಾಗ ಮಾಡುತ್ತದೆ. ಎ1ರಿಂದ ಎ3: ಕಚ್ಚಾವಸ್ತು ತೆಗೆಯುವುದು, ಸಾಗಿಸುವುದು, ಕಾರ್ಖಾನೆಯಲ್ಲಿ ತಯಾರಿಸುವುದು. ಎ4, ಎ5: ನಿವೇಶನಕ್ಕೆ ತರುವುದು, ಕಟ್ಟುವುದು. ಬಿ ಗುಂಪು: ಬಳಕೆಯ ಕಾಲ, ಅಂದರೆ ದುರಸ್ತಿ, ಬದಲಾವಣೆ, ವಿದ್ಯುತ್, ನೀರು. ಸಿ ಗುಂಪು: ಕೆಡವುವುದು, ಅವಶೇಷ ವಿಲೇವಾರಿ. ಕೊನೆಯ ಡಿ, ಮರುಬಳಕೆಯಿಂದ ಮುಂದೆ ಸಿಗಬಹುದಾದ ಲಾಭ. ಅದನ್ನು ಬೇರೆಯಾಗಿಯೇ ತೋರಿಸಬೇಕು, ಮೊತ್ತದಲ್ಲಿ ಕಳೆಯುವಂತಿಲ್ಲ.

ಈಗ ಮುಖ್ಯ ವಿಷಯ. ‘ಹಸಿರು ಕಟ್ಟಡ’ ಎಂದ ಕೂಡಲೇ ನಾವು ಎಲ್‌ಇಡಿ ದೀಪ, ಸೌರ ಫಲಕಗಳ ಮಾತಾಡುತ್ತೇವೆ. ಇವೆಲ್ಲ ಬಿ ಗುಂಪಿಗೆ ಸೇರಿದವು. ಚಳಿಗಾಲವಿಡೀ ಮನೆ ಬಿಸಿ ಮಾಡಬೇಕಾದ ದೇಶಗಳಲ್ಲಿ ಅದಕ್ಕೆ ಆದ್ಯತೆ ಕೊಡುವುದು ಸರಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಮನೆ ಬಿಸಿ ಮಾಡುವ ಅಗತ್ಯವಿಲ್ಲ, ತಂಪು ಮಾಡುವ ಅಗತ್ಯವೂ ಕಡಿಮೆ. ಹಾಗಾಗಿ ಗೋಡೆ, ತಾರಸಿ, ಕಂಬಗಳನ್ನು ಕಟ್ಟುವಾಗಲೇ ಖರ್ಚಾಗಿಹೋಗುವ ಅಂತರ್ಗತ ಶಕ್ತಿಯ ಪಾಲು ಇಲ್ಲಿ ದೊಡ್ಡದು.

ಇದನ್ನು ಅಳೆದು ತೋರಿಸಿದವರು ನಮ್ಮಲ್ಲೇ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಬಗೆಯ ಕಟ್ಟಡಗಳನ್ನು ಹೋಲಿಸಿದ್ದಾರೆ. ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ ಸುಮಾರು 4.2 ಗಿಗಾಜೂಲ್ ಶಕ್ತಿ ಬೇಕಾಯಿತು. ಸುಟ್ಟ ಇಟ್ಟಿಗೆಯ ಗೋಡೆಗಳೇ ಭಾರ ಹೊರುವ ಎರಡು ಮಹಡಿಯ ಮನೆಗೆ 2.9. ಮಣ್ಣು-ಸಿಮೆಂಟ್ ಬ್ಲಾಕ್ ಗೋಡೆ ಮತ್ತು ಫಿಲ್ಲರ್ ತಾರಸಿ (ಕಾಂಕ್ರೀಟಿನ ಒಂದಿಷ್ಟು ಜಾಗಕ್ಕೆ ಬೇರೆ ವಸ್ತು ತುಂಬಿದ ತಾರಸಿ) ಬಳಸಿದ ಎರಡು ಮಹಡಿಯ ಮನೆಗೆ ಕೇವಲ 1.6.

ಈ ಅಂಕಿಯ ತೂಕ ಅರಿಯಲು ಒಂದು ಲೆಕ್ಕ ಮಾಡಿ ನೋಡೋಣ. 100 ಚದರ ಮೀಟರಿನ ಫ್ಲ್ಯಾಟ್ ಎಂದಿಟ್ಟುಕೊಳ್ಳಿ: ಕಟ್ಟಲು 420 ಗಿಗಾಜೂಲ್. ಅಲ್ಲಿನ ಕುಟುಂಬ ತಿಂಗಳಿಗೆ 200 ಯೂನಿಟ್ ವಿದ್ಯುತ್ ಬಳಸಿದರೆ ವರ್ಷಕ್ಕೆ 2,400 ಯೂನಿಟ್, ಅಂದರೆ 8.6 ಗಿಗಾಜೂಲ್. ಉಷ್ಣ ಸ್ಥಾವರದಲ್ಲಿ ಕಲ್ಲಿದ್ದಲಿನ ಶಕ್ತಿಯ ಸುಮಾರು ಮೂರನೇ ಒಂದು ಭಾಗ ಮಾತ್ರ ವಿದ್ಯುತ್ತಾಗುವುದರಿಂದ ಮೂರರಿಂದ ಗುಣಿಸಿದರೆ ಸುಮಾರು 26. ಗೃಹಪ್ರವೇಶದ ದಿನಕ್ಕೆ ಆ ಮನೆ ಆಗಲೇ 16 ವರ್ಷಗಳ ವಿದ್ಯುತ್ತಿಗೆ ಸಮನಾದ ಇಂಧನವನ್ನು ನುಂಗಿರುತ್ತದೆ! ನಮ್ಮ ವಿದ್ಯುತ್ತಿನಲ್ಲಿ ಜಲ, ಗಾಳಿ, ಸೌರಶಕ್ತಿಯ ಪಾಲೂ ಇರುವುದರಿಂದ ಈ ವರ್ಷಗಳ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಈ ಲೆಕ್ಕ ನನ್ನನ್ನು ಬಹಳ ಕಾಡಿದೆ. ಇಲ್ಲಿ ಕೈಬಿಟ್ಟ ಅವಕಾಶವನ್ನು ಮುಂದೆ ಎಷ್ಟು ಬಲ್ಬು ಬದಲಿಸಿದರೂ ಮರಳಿ ಪಡೆಯಲಾಗದು.

ಶಕ್ತಿಯ ಲೆಕ್ಕದಲ್ಲಷ್ಟೇ ಅಲ್ಲ, ಇಂಗಾಲದ ಲೆಕ್ಕದಲ್ಲೂ ಸಿಮೆಂಟಿನ ಹೊರೆ ದೊಡ್ಡದೇಕೆ? ಗೂಡನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಬೇಕಾಗುವ ಇಂಧನ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸುಣ್ಣಕಲ್ಲಿನೊಳಗೇ ಇದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಸುಣ್ಣವಾಗುವಾಗ ಪ್ರತಿ 100 ಕಿಲೋಗೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗೂಡಿಗೆ ಸೌರಶಕ್ತಿಯನ್ನೇ ಕೊಟ್ಟರೂ ಈ ಪಾಲು ತಪ್ಪದು. ಆದ್ದರಿಂದ ಸಿಮೆಂಟಿನಲ್ಲಿ ಕ್ಲಿಂಕರಿನ (ಗೂಡಿನಲ್ಲಿ ಸುಟ್ಟು ತೆಗೆದ ಗಟ್ಟಿಗಳ) ಪ್ರಮಾಣವನ್ನೇ ಇಳಿಸಬೇಕು. ಉಷ್ಣ ಸ್ಥಾವರದ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿನಲ್ಲಿ ಶೇ 35ರವರೆಗೆ ಬೂದಿಗೆ, ಉಕ್ಕಿನ ಕಾರ್ಖಾನೆಯ ಕುಲುಮೆ ಕಿಟ್ಟ ಬೆರೆಸಿದ ಪಿಎಸ್‌ಸಿ ಸಿಮೆಂಟಿನಲ್ಲಿ ಶೇ 70ರವರೆಗೆ ಕಿಟ್ಟಕ್ಕೆ ಭಾರತೀಯ ಮಾನದಂಡ ಅನುಮತಿ ಕೊಡುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ ಬೂದಿ, ಬಳ್ಳಾರಿಯ ತೋರಣಗಲ್ಲಿನಲ್ಲಿ ಕಿಟ್ಟ ಸಿಗುವ ರಾಜ್ಯ ನಮ್ಮದು. ಇವುಗಳ ಕಾಂಕ್ರೀಟ್ ಮೊದಲ ದಿನಗಳಲ್ಲಿ ನಿಧಾನವಾಗಿ ಬಲಗೊಳ್ಳುತ್ತದೆ. ಕ್ಯೂರಿಂಗ್‌ಗೆ ನೀರು ಹಿಡಿಯುವುದನ್ನು ಬೇಗ ನಿಲ್ಲಿಸುವಂತಿಲ್ಲ ಎಂದು ಮೇಸ್ತ್ರಿಗೆ ಮೊದಲೇ ತಿಳಿಸಿರಬೇಕು.

ಫಿಲ್ಲರ್ ತಾರಸಿಯ ಯುಕ್ತಿ ನನಗೆ ಬಹಳ ಇಷ್ಟ. ತಾರಸಿ ಬಾಗುವಾಗ ಅದರ ಕೆಳಭಾಗದಲ್ಲಿ ಎಳೆತ ಬೀಳುತ್ತದೆ. ಕಾಂಕ್ರೀಟ್ ಎಳೆತವನ್ನು ತಡೆಯುವುದಿಲ್ಲ, ಆ ಕೆಲಸ ಕಂಬಿಯದು. ಹಾಗಿದ್ದ ಮೇಲೆ ಕಂಬಿಗಳ ನಡುವಿನ ಜಾಗಕ್ಕೆ ಕಾಂಕ್ರೀಟ್ ಏಕೆ ಸುರಿಯಬೇಕು? ಅಲ್ಲಿ ಮಂಗಳೂರು ಹೆಂಚು ಇಟ್ಟರಾಯಿತು. ಹಳೆಯ ಮನೆ ಬಿಚ್ಚಿದ ಹೆಂಚಾದರೆ ಅದರ ತಯಾರಿಕೆಯ ಹೊರೆಯನ್ನು ಹೊಸ ಮನೆಯ ಲೆಕ್ಕಕ್ಕೆ ಹಚ್ಚಬೇಕಾಗಿಲ್ಲ.

ಹೋಲಿಕೆಯಲ್ಲಿ ಎಡವುವ ಜಾಗಗಳನ್ನೂ ಹೇಳಬೇಕು. ಒಂದು ಕಿಲೋ ಉಕ್ಕನ್ನು ಒಂದು ಕಿಲೋ ಕಾಂಕ್ರೀಟಿನೊಂದಿಗೆ ಹೋಲಿಸಿದರೆ ಅರ್ಥವಿಲ್ಲ, ಏಕೆಂದರೆ ಒಂದೇ ಭಾರ ಹೊರಲು ಎರಡೂ ಒಂದೇ ತೂಕದಷ್ಟು ಬೇಕಾಗುವುದಿಲ್ಲ. ಹೋಲಿಕೆಯ ಘಟಕ ‘ಇಷ್ಟು ಭಾರ ಹೊರುವ, ಇಷ್ಟು ವರ್ಷ ಬಾಳುವ ಒಂದು ಚದರ ಮೀಟರ್ ಗೋಡೆ’ ಎಂಬಂತಿರಬೇಕು. ಮೇಲಿನ ಅಧ್ಯಯನದ ಪ್ರಕಾರ ಇಟ್ಟಿಗೆ ಗೋಡೆಗೆ ಘನ ಮೀಟರಿಗೆ 2,141 ಮೆಗಾಜೂಲ್, ಶೇ 6 ಸಿಮೆಂಟ್ ಇರುವ ಮಣ್ಣಿನ ಬ್ಲಾಕಿಗೆ 646. 230 ಮಿಲಿಮೀಟರ್ ದಪ್ಪಕ್ಕೆ ಇಳಿಸಿದರೆ ಚದರ ಮೀಟರಿಗೆ 492 ಮತ್ತು 149. ಅಂಕಿ ಎಲ್ಲಿಯದು ಎಂಬುದೂ ಮುಖ್ಯ. ಯುರೋಪಿನ ಯಂತ್ರಚಾಲಿತ ಗೂಡಿನ ಅಂಕಿಯನ್ನು ನಮ್ಮ ಭಟ್ಟಿಯ ಇಟ್ಟಿಗೆಗೆ ಹಚ್ಚಬಾರದು. ವಿಶ್ವ ಬ್ಯಾಂಕ್ ಸಮೂಹದ ಐಎಫ್‌ಸಿ 2017ರಲ್ಲಿ ಭಾರತೀಯ ನಿರ್ಮಾಣ ಸಾಮಗ್ರಿಗಳಿಗೆಂದೇ ದತ್ತಾಂಶ ಸಿದ್ಧಪಡಿಸಿದೆ. 2003ರ ಅಂಕಿಗಳೂ ಈಗ ಹಳೆಯವು, ಕಾರ್ಖಾನೆಗಳು ಅಂದಿನಿಂದ ಬದಲಾಗಿವೆ.

ಬೆಂಗಳೂರಿನ ತೀರ್ಮಾನವನ್ನು ಕಲಬುರಗಿಗೆ ಹಾಗೆಯೇ ಒಯ್ಯುವಂತಿಲ್ಲ. ಅಲ್ಲಿನ ಬೇಸಿಗೆಯಲ್ಲಿ ಎಸಿ ದಿನವಿಡೀ ಓಡಿದರೆ ಬಿ ಗುಂಪು ಹಿಗ್ಗುತ್ತದೆ. ಆಗ ತಾರಸಿಗೆ ಉಷ್ಣನಿರೋಧಕ ಹಾಕಲು ಹೆಚ್ಚುವರಿ ಶಕ್ತಿ ಖರ್ಚಾದರೂ ಕೆಲವು ವರ್ಷಗಳಲ್ಲಿ ಅದು ಮರಳಿ ಬರಬಹುದು. ಎಸಿಯ ಅನಿಲ ಸೋರಿಕೆಯನ್ನೂ ಬಿಡಬಾರದು: ಒಂದು ಕಿಲೋ ಆರ್-410ಎ ಸೋರಿದರೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ.

ಅಭ್ಯಾಸಕ್ಕೆ ಇಡೀ ಕಟ್ಟಡವನ್ನು ತೆಗೆದುಕೊಳ್ಳಬೇಡಿ. ಒಂದು ಕೋಣೆಯ ಸಾಮಗ್ರಿ ಪಟ್ಟಿಯಿಂದ ಸಿಮೆಂಟ್, ಕಂಬಿ, ಇಟ್ಟಿಗೆ ಇಷ್ಟನ್ನೇ ಎತ್ತಿಕೊಂಡು ಎ1ರಿಂದ ಎ3ರ ಲೆಕ್ಕ ಮಾಡಿ. ನಂತರ ಕಂಬಗಳ ಅಂತರ ಕಡಿಮೆ ಮಾಡಿ ತಾರಸಿಯ ದಪ್ಪ ಇಳಿಸಿ ನೋಡಿ. ನೆಲಮಾಳಿಗೆಯ ಪಾರ್ಕಿಂಗ್ ಇದ್ದರೆ ಅದನ್ನು ತೆಗೆದು ನೋಡಿ. ಹಳೆಯ ಮನೆ ನಿಂತಿರುವ ನಿವೇಶನವಾದರೆ ಅದರ ತಳಪಾಯ ಮತ್ತು ಗೋಡೆ ಉಳಿಸಿಕೊಂಡ ಇನ್ನೊಂದು ನಕ್ಷೆಗೂ ಇದೇ ಲೆಕ್ಕ ಹಾಕಿ, ಎರಡನ್ನೂ ಮಾಲೀಕರ ಮುಂದಿಡಿ.